ಅಭಿಮಾನಿಯ ಸುಖದುಃಖ

ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳುಗಳು ಮೂರು ಬಗೆಯ ತಾಪವನ್ನು ಒಟ್ಟಿಗೆ ತರುತ್ತವೆ: ಬಿಸಿಲಿನದೊಂದು, ಪರೀಕ್ಷೆಯದೊಂದು, ಐ.ಪಿ.ಎಲ್. ಕ್ರಿಕೆಟ್ ಪಂದ್ಯಾವಳಿಯದೊಂದು. ಮೊದಲನೆಯದನ್ನು ಉಷ್ಣಮಾಪಕದಿಂದಲೂ ಎರಡನೆಯದನ್ನು ಅಂಕಪಟ್ಟಿಯಿಂದಲೂ ಅಳೆಯಬಹುದು. ಮೂರನೆಯದನ್ನು ಅಳೆಯಲು ಅಧ್ಯಾಪಕನ ಕಣ್ಣು ಸಾಕು. ಬೆಳಗಿನ ತರಗತಿಗೆ ಕಾಲಿಟ್ಟೊಡನೆಯೇ ಹಿಂದಿನ ರಾತ್ರಿ ಬೆಂಗಳೂರು ತಂಡ ಗೆದ್ದಿತೋ ಸೋತಿತೋ ಎಂಬುದನ್ನು ವೃತ್ತಪತ್ರಿಕೆ ನೋಡದೆ ಹೇಳಬಹುದು. ಗೆದ್ದ ದಿನ ಕೊನೆಯ ಬೆಂಚಿನಿಂದಲೂ ಉತ್ತರ ಬರುತ್ತದೆ. ಸೋತ ದಿನ ಮೊದಲನೆಯ ಬೆಂಚು ಕೂಡ ನ್ಯೂಟನ್ನನ ಮೂರನೆಯ ನಿಯಮವನ್ನು ಮರೆತಿರುತ್ತದೆ. ಇದು ಕೇವಲ ನನ್ನ ಊಹೆಯಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಹರ್ಟ್ ಮತ್ತು ಸಂಗಡಿಗರು ೧೯೯೨ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮ ವಿಶ್ವವಿದ್ಯಾಲಯದ ತಂಡ ಸೋತದ್ದನ್ನು ನೋಡಿದ ವಿದ್ಯಾರ್ಥಿಗಳು ಆಮೇಲೆ ಕೊಟ್ಟ ಸಣ್ಣಪುಟ್ಟ ಕೆಲಸಗಳಲ್ಲಿ ತಮ್ಮ ಸಾಮರ್ಥ್ಯವನ್ನೇ ಕಡಿಮೆಯಾಗಿ ಅಂದಾಜು ಮಾಡಿದರು. ಗೆದ್ದದ್ದನ್ನು ನೋಡಿದವರು ಹೆಚ್ಚಾಗಿ ಅಂದಾಜು ಮಾಡಿದರು. ಆಡಿದವರು ಬೇರೆಯವರು, ಏರಿಳಿದದ್ದು ನೋಡಿದವರ ಆತ್ಮವಿಶ್ವಾಸ.

ಹಿರಿಯರು ಇದನ್ನು ಕಂಡು ಸಿಡಿಮಿಡಿಗೊಳ್ಳುವರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಯಾವ ಊರಿನ ಕಟ್ಟೆಯ ಮೇಲೆ ಕುಳಿತರೂ ಕೇಳಿಬರುವ ಮಾತು ಒಂದೇ: “ಅವರು ಗೆದ್ದರೆ ನಿನಗೇನು ಬಂತು? ಸೋತರೆ ನಿಮ್ಮಪ್ಪನ ಗಂಟೇನು ಹೋಯಿತು?” ಪ್ರಶ್ನೆ ಬಹಳ ಒಳ್ಳೆಯದು. ಕೇಳುವವರಿಗೆ ಉತ್ತರ ಬೇಕಾಗಿಲ್ಲವೆಂಬುದೊಂದೇ ಅದರ ದೋಷ. ಉತ್ತರವಿದೆಯೆಂದೂ, ಅದನ್ನು ತಿಳಿದ ಅಭಿಮಾನಿಯು ಆಟವನ್ನು ಬಿಡಬೇಕಾಗಿಲ್ಲವೆಂದೂ ನನ್ನ ಅಭಿಪ್ರಾಯ. ಅವನು ಬಿಡಬೇಕಾದುದು ಒಂದನ್ನೇ: ಗೆಲುವೆಂಬುದು ಕಾಲವು ತನಗೆ ತೀರಿಸಬೇಕಾದ ಸಾಲವೆಂಬ ಭಾವನೆಯನ್ನು.

ಮೊದಲಿಗೆ ನಮ್ಮ ಸೀಮೆಯದೇ ಒಂದು ಒಗಟನ್ನು ನೋಡೋಣ. ಭೂಪಟದ ಲೆಕ್ಕದಲ್ಲಿ ನಾವು ಹೈದರಾಬಾದಿಗೆ ಹತ್ತಿರದವರು. ವಾಡಿ ಜಂಕ್ಷನ್ನಿನಿಂದ ಹೊರಟ ರೈಲು ಚಿತ್ತಾಪುರ, ಸೇಡಂ, ತಾಂಡೂರುಗಳನ್ನು ದಾಟಿ ಇನ್ನೂರು ಕಿಲೋಮೀಟರಿನೊಳಗೆ ಸಿಕಂದರಾಬಾದನ್ನು ಸೇರುತ್ತದೆ. ಬೆಂಗಳೂರೋ ಐನೂರು ಕಿಲೋಮೀಟರಿಗೂ ಆಚೆ. ೧೯೫೬ರ ನವೆಂಬರ್ ೧ರವರೆಗೆ ಈ ಐದು ಊರುಗಳೂ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಆದರೂ ನನ್ನ ತರಗತಿಯ ಹುಡುಗರಲ್ಲಿ ಬಹುಮಂದಿ ಕೆಂಪು ಅಂಗಿಯ ಬೆಂಗಳೂರಿನವರು. ಕಿತ್ತಳೆ ಅಂಗಿಯ ಹೈದರಾಬಾದಿನವರು ಕಡಿಮೆ, ಆದರೆ ಗಟ್ಟಿಗರು. ಒಂದೇ ಮನೆಯಲ್ಲಿ ಅಣ್ಣ ಅತ್ತ, ತಮ್ಮ ಇತ್ತ ಇರುವುದೂ ಉಂಟು. ಬೆಂಗಳೂರು ಸೋತ ಮೊದಲ ಮೂರು ಅಂತಿಮ ಪಂದ್ಯಗಳಲ್ಲಿ ಎರಡನ್ನು ಗೆದ್ದದ್ದು ಹೈದರಾಬಾದಿನ ತಂಡಗಳೇ ಎಂಬುದು ಈ ಅಣ್ಣತಮ್ಮಂದಿರ ವ್ಯಾಜ್ಯಕ್ಕೆ ಇನ್ನಷ್ಟು ತುಪ್ಪ ಸುರಿದಿದೆ: ೨೦೦೯ರ ಮೇ ೨೪ರಂದು ಜೋಹಾನ್ಸ್‌ಬರ್ಗಿನಲ್ಲಿ ಡೆಕ್ಕನ್ ಚಾರ್ಜರ್ಸ್, ೬ ರನ್ನುಗಳಿಂದ, ೨೦೧೬ರ ಮೇ ೨೯ರಂದು ಬೆಂಗಳೂರಿನ ಅಂಗಳದಲ್ಲಿಯೇ ಸನ್‌ರೈಸರ್ಸ್, ೮ ರನ್ನುಗಳಿಂದ. ನಡುವೆ ೨೦೧೧ರಲ್ಲಿ ಚೆನ್ನೈ ತಂಡವು ೫೮ ರನ್ನುಗಳಿಂದ ಗೆದ್ದಿತು. ಅದು ಸ್ಪಷ್ಟವಾದ ಸೋಲಾದ್ದರಿಂದ ಅದರ ಮಾತು ಇಲ್ಲಿ ಹೆಚ್ಚು ಕೇಳಿಬರುವುದಿಲ್ಲ.

ಊರಿನ ಹೆಸರೇ ಅಭಿಮಾನಕ್ಕೆ ಕಾರಣವೆನ್ನೋಣವೆಂದರೆ ಅದೂ ನಿಲ್ಲುವುದಿಲ್ಲ. ೨೦೨೨ರಲ್ಲಿ ಮಹಾರಾಜ ಟ್ರೋಫಿಯನ್ನು ಗೆದ್ದ ತಂಡದ ಹೆಸರು ಗುಲ್ಬರ್ಗ ಮಿಸ್ಟಿಕ್ಸ್. ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ತಂಡ ಕಪ್ ಗೆದ್ದ ಆ ರಾತ್ರಿ ನಮ್ಮ ಓಣಿಯಲ್ಲಿ ಒಂದು ಸುರುಸುರುಬತ್ತಿಯೂ ಉರಿಯಲಿಲ್ಲ. ಆ ತಂಡಕ್ಕಾಗಿ ಯಾರೂ ಅದುವರೆಗೆ ಕಾದಿರಲಿಲ್ಲ, ನೊಂದಿರಲಿಲ್ಲ. ಕಾಯದೆ ಬಂದ ಗೆಲುವು ಪಕ್ಕದ ಮನೆಯ ಮದುವೆಯಂತೆ: ಊಟ ಚೆನ್ನಾಗಿರುತ್ತದೆ, ಕಣ್ಣಲ್ಲಿ ನೀರು ಬರುವುದಿಲ್ಲ.

ಕಾಯುವಿಕೆಗೆ ಇಷ್ಟೊಂದು ಬಲ ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಕ್ರಿಕೆಟ್ಟನ್ನೇ ಅರಿಯದ ಕೆಲವು ಕೋತಿಗಳು. ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿಗಳು ೧೯೯೦ರ ದಶಕದಲ್ಲಿ ಕೋತಿಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳ ಮಿಡಿತವನ್ನು ಅಳೆದರು. ಅನಿರೀಕ್ಷಿತವಾಗಿ ಹಣ್ಣಿನ ರಸದ ತೊಟ್ಟು ನಾಲಗೆಗೆ ಬಿದ್ದಾಗ ಕೋಶಗಳು ರಭಸದಿಂದ ಮಿಡಿದವು. ಆಮೇಲೆ ರಸಕ್ಕೆ ಮುಂಚೆ ಒಂದು ಸಂಕೇತವನ್ನು ಕೊಡುವ ರೂಢಿ ಮಾಡಿದರು. ಸಂಕೇತದ ಅರ್ಥ ಕೋತಿಗೆ ತಿಳಿದ ಬಳಿಕ ಮಿಡಿತವು ಸಂಕೇತ ಕಂಡಾಗಲೇ ಉಂಟಾಯಿತು. ರಸ ಬಂದಾಗ ಕೋಶಗಳು ತೆಪ್ಪಗಿದ್ದವು. ಸಂಕೇತವನ್ನು ತೋರಿಸಿ ರಸವನ್ನು ಕೊಡದೆಹೋದಾಗಲಂತೂ, ರಸ ಬರಬೇಕಾಗಿದ್ದ ಆ ಕ್ಷಣದಲ್ಲಿಯೇ, ಮಿಡಿತವು ಮಾಮೂಲಿನ ಮಟ್ಟಕ್ಕಿಂತಲೂ ಕೆಳಗಿಳಿಯಿತು. ಅಂದರೆ ಈ ಕೋಶಗಳು ಸುಖವನ್ನು ಲೆಕ್ಕ ಹಾಕುವುದಿಲ್ಲ. ನಿರೀಕ್ಷಿಸಿದುದಕ್ಕೂ ದೊರೆತುದಕ್ಕೂ ಇರುವ ವ್ಯತ್ಯಾಸವನ್ನು ಲೆಕ್ಕ ಹಾಕುತ್ತವೆ. ಮನುಷ್ಯನು ಕೋತಿಗಿಂತ ಬಹಳ ಜಟಿಲನೆಂಬುದು ನಿಜ. ಆದರೆ ಈ ಲೆಕ್ಕವನ್ನು ಅವನ ಮಿದುಳೂ ಬಲ್ಲದು.

ಇದನ್ನು ಬೆಂಗಳೂರು ತಂಡದ ಚರಿತ್ರೆಗೆ ಅನ್ವಯಿಸಿ ನೋಡಿರಿ. ೨೦೧೩ರ ಏಪ್ರಿಲ್ ೨೩ರಂದು ಆ ತಂಡವು ಪುಣೆಯ ಎದುರು ೫ ವಿಕೆಟ್ಟಿಗೆ ೨೬೩ ರನ್ನುಗಳನ್ನು ಮಾಡಿತು. ಕ್ರಿಸ್ ಗೇಲ್ ಒಬ್ಬನೇ ೬೬ ಚೆಂಡುಗಳಲ್ಲಿ ೧೭೫ ಹೊಡೆದು ಔಟಾಗದೆ ಉಳಿದನು. ಸರಿಯಾಗಿ ನಾಲ್ಕು ವರ್ಷಗಳ ಅನಂತರ, ೨೦೧೭ರ ಅದೇ ಏಪ್ರಿಲ್ ೨೩ರಂದು, ಕೊಲ್ಕತ್ತದಲ್ಲಿ ಇಡೀ ತಂಡ ೪೯ ರನ್ನುಗಳಿಗೆ ಕುಸಿಯಿತು. ಮೊದಲನೆಯದು ಇಲ್ಲದಿದ್ದರೆ ಎರಡನೆಯದು ಅಷ್ಟು ಕಹಿಯಾಗುತ್ತಿರಲಿಲ್ಲ. ೨೦೨೪ರಲ್ಲಿ ನಡೆದುದು ಇದಕ್ಕೆ ವಿಲೋಮ. ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತ ತಂಡವನ್ನು ಎಲ್ಲರೂ ಕೈಬಿಟ್ಟಿದ್ದರು. ಅದು ಮುಂದಿನ ಆರು ಪಂದ್ಯಗಳನ್ನು ಸಾಲಾಗಿ ಗೆದ್ದು, ಮೇ ೧೮ರಂದು ಚೆನ್ನೈಯನ್ನು ೨೭ ರನ್ನುಗಳಿಂದ ಸೋಲಿಸಿ, ನಾಲ್ಕನೆಯ ಸ್ಥಾನ ಹಿಡಿದಾಗ ನಮ್ಮೂರುಗಳಲ್ಲಿ ಎದ್ದ ಕೋಲಾಹಲ ಕಪ್ ಗೆದ್ದವರಿಗೂ ದೊರೆಯದಂಥದು. ನಾಲ್ಕನೆಯ ಸ್ಥಾನಕ್ಕೆ ಕಪ್ ಸಿಗುವುದಿಲ್ಲ. ನಿರೀಕ್ಷೆಯು ಸೊನ್ನೆಗಿಳಿದಿತ್ತು, ಅಷ್ಟೇ.

ಹಾಗಾದರೆ ಅಲ್ಪದರಲ್ಲಿ ತಪ್ಪಿದ ಗೆಲುವು ಎಲ್ಲಕ್ಕಿಂತ ಹೆಚ್ಚು ನೋಯಿಸಬೇಕು. ನೋಯಿಸುವುದೂ ಹೌದು. ೧೯೯೨ರ ಬಾರ್ಸಿಲೋನಾ ಒಲಿಂಪಿಕ್ ಕ್ರೀಡೆಗಳ ಚಿತ್ರಗಳನ್ನು ಪರಿಶೀಲಿಸಿದ ಮೂವರು ಮನಶ್ಶಾಸ್ತ್ರಜ್ಞರು ಕಂಚು ಗೆದ್ದವರ ಮುಖಗಳು ಬೆಳ್ಳಿ ಗೆದ್ದವರ ಮುಖಗಳಿಗಿಂತ ಪ್ರಸನ್ನವಾಗಿದ್ದುದನ್ನು ಕಂಡರು. ಕಂಚಿನವನು ‘ಪದಕವೇ ಇಲ್ಲದೆ ಹೋಗುತ್ತಿದ್ದೆನಲ್ಲ’ ಎಂದುಕೊಳ್ಳುವನು. ಬೆಳ್ಳಿಯವನು ‘ಚಿನ್ನ ಕೈತಪ್ಪಿತಲ್ಲ’ ಎಂದುಕೊಳ್ಳುವನು. ೨೦೦೯ರ ಅಂತಿಮ ಪಂದ್ಯದಲ್ಲಿ ಅನಿಲ್ ಕುಂಬ್ಳೆಯವರು ೧೬ ರನ್ನು ಕೊಟ್ಟು ೪ ವಿಕೆಟ್ ಪಡೆದರು, ಪಂದ್ಯಪುರುಷರೂ ಆದರು. ಆದರೂ ೧೪೩ನ್ನು ಬೆನ್ನಟ್ಟಿದ ತಂಡ ೧೩೭ಕ್ಕೆ ನಿಂತಿತು. ಆ ಆರು ರನ್ನುಗಳನ್ನು ಈಗಲೂ ಮನಸ್ಸಿನಲ್ಲಿ ಹೊಡೆಯುತ್ತಿರುವವರು ನಮ್ಮ ನಡುವೆ ಇದ್ದಾರೆ.

ಈ ನೋವು ಮನಸ್ಸಿನಲ್ಲಿ ಮಾತ್ರ ನಡೆಯುವ ವ್ಯಾಪಾರವಲ್ಲ. ೨೦೦೬ರಲ್ಲಿ ಜರ್ಮನಿಯಲ್ಲಿ ವಿಶ್ವ ಫುಟ್‌ಬಾಲ್ ಪಂದ್ಯಾವಳಿ ನಡೆದಾಗ ಮ್ಯೂನಿಕ್ ಪ್ರದೇಶದ ವೈದ್ಯರು ಒಂದು ಲೆಕ್ಕವಿಟ್ಟರು. ಜರ್ಮನಿ ತಂಡ ಆಡಿದ ದಿನಗಳಲ್ಲಿ ಹೃದಯದ ತುರ್ತು ತೊಂದರೆಗಳ ಪ್ರಮಾಣ ಸಾಮಾನ್ಯ ದಿನಗಳಿಗಿಂತ ೨.೬೬ ಪಟ್ಟು ಇತ್ತು. ಮೊದಲೇ ಹೃದ್ರೋಗವಿದ್ದವರಲ್ಲಿ ಇನ್ನೂ ಹೆಚ್ಚು. ೧೯೯೪ರ ಬ್ರೆಜಿಲ್–ಇಟಲಿ ಅಂತಿಮ ಪಂದ್ಯವನ್ನು ನೋಡಿದ ಗಂಡಸರ ಜೊಲ್ಲನ್ನು ಪರೀಕ್ಷಿಸಿದಾಗ ಗೆದ್ದ ಬ್ರೆಜಿಲಿನ ಅಭಿಮಾನಿಗಳಲ್ಲಿ ಟೆಸ್ಟೋಸ್ಟಿರೋನ್ ಏರಿತ್ತು, ಇಟಲಿಯವರಲ್ಲಿ ಇಳಿದಿತ್ತು. ಆದುದರಿಂದ ಸೋತ ರಾತ್ರಿ ಊಟ ಬೇಡವೆನ್ನುವ ಹುಡುಗನನ್ನು ಕಂಡು ನಟನೆಯೆಂದು ಹಂಗಿಸುವುದು ಸರಿಯಲ್ಲ. ಮನೆಯಲ್ಲಿ ಹೃದ್ರೋಗಿಯಾದ ಅಜ್ಜನೂ ಕೊನೆಯ ಓವರನ್ನು ನೋಡಲು ಕುಳಿತಿದ್ದರೆ ಹುಡುಗನಿಗಿಂತ ಅವರ ಕಡೆಗೇ ಹೆಚ್ಚು ಗಮನವಿರಲಿ.

ಕಾಹ್ನೆಮನ್ ಮತ್ತು ಟ್ವರ್ಸ್ಕಿ ಎಂಬ ವಿದ್ವಾಂಸರು ೧೯೭೯ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಕಳೆದುಕೊಂಡುದರ ದುಃಖವು ಅಷ್ಟೇ ಗಳಿಸಿದುದರ ಸುಖಕ್ಕಿಂತ ತೂಕವಾಗಿರುತ್ತದೆ. ಮುಂದಿನ ಪ್ರಯೋಗಗಳಲ್ಲಿ ಇದು ಸುಮಾರು ಎರಡು ಪಟ್ಟು ಎಂದು ಕಂಡುಬಂತು. ಹಾಗಿದ್ದರೆ ಅರ್ಧ ಗೆದ್ದು ಅರ್ಧ ಸೋಲುವ ತಂಡದ ಅಭಿಮಾನಿ ಪ್ರತಿ ವರ್ಷವೂ ನಷ್ಟದಲ್ಲಿಯೇ ಇರಬೇಕಲ್ಲ! ಕಟ್ಟೆಯ ಮೇಲಿನ ಹಿರಿಯರು ಇದನ್ನು ಓದಿದರೆ ಗೆದ್ದೆವೆಂದು ತೊಡೆ ತಟ್ಟಿಯಾರು. ಆದರೆ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ಕೋತಿಯ ಕೋಶಗಳು ರಸಕ್ಕಿಂತ ಮುಂಚೆ ಸಂಕೇತ ಕಂಡಾಗಲೇ ಮಿಡಿದವೆಂಬುದನ್ನು ನೆನೆಯಿರಿ. ಅಭಿಮಾನಿಯ ನಿಜವಾದ ಆದಾಯ ಪಂದ್ಯಕ್ಕೆ ಮುಂಚಿನ ಸಂಜೆ. ವಾಡಿಯ ಸಿಮೆಂಟ್ ಕಾರ್ಖಾನೆಯ ಪಾಳಿ ಮುಗಿಸಿ ಬಂದವರು, ತೊಗರಿಯ ಅಡತಿ ಅಂಗಡಿಯ ಗುಮಾಸ್ತರು, ಪಿ.ಯು.ಸಿ. ಹುಡುಗರು ಒಂದೇ ಚಹಾದಂಗಡಿಯಲ್ಲಿ ನಿಂತು ಯಾರನ್ನು ಆಡಿಸಬೇಕೆಂದು ವಾದಿಸುವ ಆ ಒಂದು ಗಂಟೆ ಪ್ರತಿ ಪಂದ್ಯಕ್ಕೂ ಉಂಟು. ಸೋಲು ಅದನ್ನು ಹಿಂದಕ್ಕೆ ಕಿತ್ತುಕೊಳ್ಳಲಾರದು. “ನಿನಗೇನು ಬಂತು?” ಎಂಬುದಕ್ಕೆ ನನ್ನ ಉತ್ತರ ಇದು.

ಇನ್ನು ಸಾಲದ ಮಾತು. ಹದಿನೇಳು ವರ್ಷ ಕಪ್ ಬರಲಿಲ್ಲವೆಂದರೆ ತಂಡಕ್ಕೆ ಶಾಪವಿರಬೇಕು, ಇಲ್ಲವೆ ಆಟಗಾರರಲ್ಲಿ ದ್ರೋಹವಿರಬೇಕು ಎಂದು ನಂಬಿದವರು ಬಹಳ. ಸಂಭವನೀಯತೆಯ ಗಣಿತವನ್ನು ಕೇಳೋಣ. ಎಲ್ಲ ತಂಡಗಳೂ ಸರಿಸಮಬಲದವೆಂದು ಭಾವಿಸಿರಿ. ೨೦೦೮ರಿಂದ ೨೦೨೪ರವರೆಗಿನ ೧೭ ಪಂದ್ಯಾವಳಿಗಳಲ್ಲಿ ಹನ್ನೊಂದರಲ್ಲಿ ಎಂಟು ತಂಡಗಳೂ, ಎರಡರಲ್ಲಿ ಒಂಬತ್ತೂ, ನಾಲ್ಕರಲ್ಲಿ ಹತ್ತೂ ಇದ್ದವು. ಒಂದು ತಂಡವು ಒಮ್ಮೆಯೂ ಗೆಲ್ಲದಿರುವ ಸಂಭವನೀಯತೆಯನ್ನು ಕಾಣಲು ಏಳು ಎಂಟಾಂಶವನ್ನು ಹನ್ನೊಂದು ಸಲ, ಎಂಟು ಒಂಬತ್ತಾಂಶವನ್ನು ಎರಡು ಸಲ, ಒಂಬತ್ತು ಹತ್ತಾಂಶವನ್ನು ನಾಲ್ಕು ಸಲ ಗುಣಿಸಬೇಕು. ಬರುವ ಉತ್ತರ ಸುಮಾರು ೦.೧೨, ಎಂದರೆ ಹೆಚ್ಚುಕಡಿಮೆ ಎಂಟರಲ್ಲಿ ಒಂದು. ಮೊದಲ ವರ್ಷ ಕಣಕ್ಕಿಳಿದ ತಂಡಗಳು ಎಂಟೇ. ಆದುದರಿಂದ ಯಾರ ಶಾಪವೂ ಇಲ್ಲದೆ, ಬರಿಯ ಅದೃಷ್ಟದಾಟದಲ್ಲಿಯೇ, ಅವುಗಳಲ್ಲಿ ಒಂದಾದರೂ ಹದಿನೇಳು ವರ್ಷ ಬರಿಗೈಯಲ್ಲಿ ಉಳಿಯುವುದನ್ನು ನಾವು ನಿರೀಕ್ಷಿಸಬೇಕಾಗಿತ್ತು. ಉಳಿದವು ಮೂರು: ಬೆಂಗಳೂರು, ದೆಹಲಿ, ಪಂಜಾಬ್. ಮೂರು ಅಂತಿಮ ಪಂದ್ಯಗಳನ್ನು ಸಾಲಾಗಿ ಸೋಲುವುದಾದರೋ, ನಾಣ್ಯವನ್ನು ಮೂರು ಸಲ ಚಿಮ್ಮಿದಾಗ ಮೂರು ಸಲವೂ ಹೂವು ಬೀಳದಿರುವುದಕ್ಕೆ ಸಮ. ಅದರ ಸಂಭವನೀಯತೆಯೂ ಎಂಟರಲ್ಲಿ ಒಂದೇ!

ತಂಡಗಳು ಸರಿಸಮವಲ್ಲ, ಆಟದಲ್ಲಿ ಚಾತುರ್ಯವಿದೆ ಎಂದು ನೀವು ಆಕ್ಷೇಪಿಸಬಹುದು. ಒಪ್ಪಿದೆ. ಆದರೆ ಇಪ್ಪತ್ತು ಓವರುಗಳ ಆಟದಲ್ಲಿ ಆರು ರನ್ನೆಂದರೆ ಒಂದೇ ಹೊಡೆತ. ಆ ಹೊಡೆತ ಗಡಿಯ ಹಗ್ಗದ ಒಳಗೆ ಬಿದ್ದಿತೋ ಹೊರಗೆ ಬಿದ್ದಿತೋ ಎಂಬುದರ ಮೇಲೆ ಒಬ್ಬ ಆಟಗಾರನನ್ನು ವೀರನೆಂದು ಹೊಗಳುವುದು, ಇನ್ನೊಬ್ಬನ ಮನೆಯ ಹೆಂಗಸರನ್ನೂ ಮಕ್ಕಳನ್ನೂ ಮೊಬೈಲಿನಲ್ಲಿ ಹೀನಾಮಾನ ಬೈಯುವುದು ಗಣಿತಕ್ಕೂ ಅಪಚಾರ, ಮರ್ಯಾದೆಗೂ ಅಪಚಾರ. ಇದೇ ಜಾತಿಯ ಇನ್ನೊಂದು ನಂಬಿಕೆಯುಂಟು, ಅದು ನಿರುಪದ್ರವಿ: “ನಾನು ನೋಡಿದರೆ ವಿಕೆಟ್ ಬೀಳುತ್ತದೆ.” ಹಾಗೆಂದು ಹೊರಗೆ ಹೋಗಿ ನಿಲ್ಲುವ ಹುಡುಗರನ್ನು ನಾನು ಬಲ್ಲೆ. ಸ್ಕಿನ್ನರ್ ೧೯೪೮ರಲ್ಲಿ ಪಾರಿವಾಳಗಳಿಗೆ, ಅವು ಏನೇ ಮಾಡಲಿ ಬಿಡಲಿ, ಗೊತ್ತಾದ ಅವಧಿಗೊಮ್ಮೆ ಕಾಳು ಬೀಳುವಂತೆ ಮಾಡಿದರು. ಕಾಳು ಬಿದ್ದಾಗ ತಾನು ಮಾಡುತ್ತಿದ್ದ ಚೇಷ್ಟೆಯನ್ನೇ ಕಾರಣವೆಂದುಕೊಂಡಂತೆ ಒಂದು ಪಾರಿವಾಳ ಸುತ್ತು ಸುತ್ತತೊಡಗಿತು, ಇನ್ನೊಂದು ತಲೆಯಾಡಿಸತೊಡಗಿತು. ನಮ್ಮ ಹುಡುಗರ ವಿಷಯದಲ್ಲಿ ಭೌತಶಾಸ್ತ್ರದ ತೊಡಕೂ ಒಂದಿದೆ. ಅಹಮದಾಬಾದಿನ ಚಿತ್ರವು ೩೬,೦೦೦ ಕಿಲೋಮೀಟರು ಎತ್ತರದ ಉಪಗ್ರಹಕ್ಕೆ ಹೋಗಿ ಚಿಂಚೋಳಿಗೆ ಇಳಿಯಲು ಕಾಲು ಸೆಕೆಂಡು ಬೇಕು. ಚಿತ್ರವನ್ನು ಸಂಕೇತಗಳಾಗಿ ಮಾರ್ಪಡಿಸಿ ಮತ್ತೆ ಬಿಡಿಸುವುದಕ್ಕೆ ಇನ್ನೂ ಕೆಲವು ಸೆಕೆಂಡುಗಳು ಹಿಡಿಯುತ್ತವೆ. ನೀವು ಕಣ್ಣು ಮುಚ್ಚಿ ಪ್ರಾರ್ಥಿಸುವ ವೇಳೆಗೆ ಅಲ್ಲಿ ಚೆಂಡು ಏನಾಗಬೇಕೋ ಆಗಿಹೋಗಿರುತ್ತದೆ. ನೀವು ಬೇಡುತ್ತಿರುವುದು ಇತಿಹಾಸವನ್ನು!

೨೦೨೫ರ ಜೂನ್ ೩ರ ರಾತ್ರಿ ಅಹಮದಾಬಾದಿನಲ್ಲಿ ಬೆಂಗಳೂರು ೧೯೦ ರನ್ನು ಮಾಡಿತು. ಪಂಜಾಬ್ ೧೮೪ಕ್ಕೆ ನಿಂತಿತು. ಅಂತರ ಅದೇ ಆರು. ಹದಿನೆಂಟನೆಯ ವರ್ಷದಲ್ಲಿ ಸಾಲ ತೀರಿತೆಂದು ಭಾವಿಸಿದ ಲಕ್ಷಾಂತರ ಜನ ಮರುದಿನ ಅದನ್ನು ಕಣ್ಣಾರೆ ಎಣಿಸಿಕೊಳ್ಳಲು ಹೊರಟರು. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹಿಡಿಸುವವರು ಸುಮಾರು ೩೫,೦೦೦; ಬಂದವರು ಎರಡು ಮೂರು ಲಕ್ಷವೆಂದು ಸರ್ಕಾರವೇ ಹೇಳಿತು. ಗೇಟುಗಳ ಹೊರಗೆ ಹನ್ನೊಂದು ಮಂದಿ ಸತ್ತರು. ಬಹುಪಾಲು ಎಳೆಯರು, ಶಾಲೆಯಲ್ಲಿ ಓದುತ್ತಿದ್ದವರೂ ಇದ್ದರು. ಹೊಣೆ ಯಾರದೆಂಬುದನ್ನು ನ್ಯಾಯಾಲಯವೂ ವಿಚಾರಣಾ ಆಯೋಗವೂ ನೋಡಬೇಕಾದ ವಿಷಯವಾಗಿತ್ತು. ಆದರೆ ಅಂದಿನಿಂದ ಈಚೆಗೆ “ಹುಚ್ಚು ಅಭಿಮಾನವೇ ಅವರನ್ನು ಕೊಂದಿತು” ಎಂದು ಹೇಳುವವರನ್ನು ಕಂಡಾಗ ಭೌತಶಾಸ್ತ್ರದ ಅಧ್ಯಾಪಕನಾಗಿ ನಾನು ಸುಮ್ಮನಿರಲಾರೆ.

ನಿಮ್ಮ ಮನೆಯ ನೆಲವನ್ನು ನೋಡಿರಿ. ಎರಡಡಿ ಚದರದ ಶಹಾಬಾದಿ ಹಾಸುಗಲ್ಲಿನ ಮೇಲೆ ಒಬ್ಬನು ನಿಂತರೆ ಚದರ ಮೀಟರಿಗೆ ಎರಡೂಮುಕ್ಕಾಲು ಜನರಾದಂತೆ, ಆರಾಮವಾಗಿ ತಿರುಗಬಹುದು. ಅದೇ ಕಲ್ಲಿನ ಮೇಲೆ ಇಬ್ಬರು ನಿಂತರೆ ಐದೂವರೆಗೆ ಸಮೀಪ. ಮೈಗೆ ಮೈ ತಾಗುತ್ತದೆ, ಅಪಾಯದ ಗಡಿ ದಾಟಿರುತ್ತದೆ. ಮೂವರನ್ನು ನಿಲ್ಲಿಸಿದರೆ ಎಂಟು. ಆರೇಳನ್ನು ಮೀರಿದ ಮೇಲೆ ಗುಂಪಿನಲ್ಲಿ ಮನುಷ್ಯರಿರುವುದಿಲ್ಲ, ಒಂದು ದ್ರವವಿರುತ್ತದೆ. ಯಾರೂ ತಳ್ಳದಿದ್ದರೂ ಅದರಲ್ಲಿ ಅಲೆಗಳೇಳುತ್ತವೆ. ಹತ್ತಾರು ಜನರನ್ನು ನೆಲದಿಂದೆತ್ತಿ ಕೆಲವು ಮೀಟರು ಒಯ್ಯುತ್ತವೆ. ಇಂಥ ದುರಂತಗಳಾದ ಜಾಗಗಳಲ್ಲಿ ಉಕ್ಕಿನ ಕಂಬಿಗಳು ಬಾಗಿದ್ದುದನ್ನು ನೋಡಿ ಲೆಕ್ಕ ಹಾಕಿದಾಗ ೪,೫೦೦ ನ್ಯೂಟನ್ನಿಗೂ ಮೀರಿದ ಬಲ ಬಿದ್ದಿತ್ತೆಂದು ತಿಳಿದುಬಂದಿದೆ. ಅದು ನಾಲ್ಕೂವರೆ ಕ್ವಿಂಟಲ್ ತೊಗರಿಯ ಭಾರ. ಅಷ್ಟು ಭಾರ ಎದೆಯನ್ನು ಒತ್ತಿದಾಗ ಉಸಿರೆಳೆದುಕೊಳ್ಳಲು ಪಕ್ಕೆಲುಬುಗಳು ಅರಳಲಾರವು. ಪತ್ರಿಕೆಗಳು ಇದನ್ನು ಕಾಲ್ತುಳಿತವೆಂದು ಕರೆಯುತ್ತವೆ. ಆದರೆ ಜನರು ಬಹಳಮಟ್ಟಿಗೆ ನಿಂತಲ್ಲಿಯೇ, ಉಸಿರುಗಟ್ಟಿ ಸಾಯುತ್ತಾರೆ. ೧೯೮೯ರ ಏಪ್ರಿಲ್ ೧೫ರಂದು ಇಂಗ್ಲೆಂಡಿನ ಹಿಲ್ಸ್‌ಬರೋದಲ್ಲಿ ೯೭ ಫುಟ್‌ಬಾಲ್ ಅಭಿಮಾನಿಗಳ ಜೀವ ಹೋದದ್ದೂ ಹೀಗೆಯೇ. ಅಲ್ಲಿಯೂ ಮೊದಲು ದೂರಿದ್ದು ಅಭಿಮಾನಿಗಳನ್ನೇ. ಅವರ ತಪ್ಪಿರಲಿಲ್ಲವೆಂದು ನ್ಯಾಯಸಭೆ ತೀರ್ಮಾನಿಸಲು ೨೦೧೬ನೆಯ ವರ್ಷ ಬರಬೇಕಾಯಿತು.

ಇನ್ನೊಂದು ಸಂಗತಿಯನ್ನು ತರುಣರು ಮನಸ್ಸಿಟ್ಟು ಗಮನಿಸಬೇಕು. ಗುಂಪಿನಲ್ಲಿ ಒತ್ತಡವು ಹಿಂದಿನಿಂದ ಮುಂದಕ್ಕೆ ಸಾಗುತ್ತದೆ, ಸುದ್ದಿ ಮುಂದಿನಿಂದ ಹಿಂದಕ್ಕೆ ಸಾಗುವುದಿಲ್ಲ. ಗೇಟಿನ ಬಳಿ ಉಸಿರು ಕಟ್ಟುತ್ತಿರುವವನ ಕೂಗು ಐವತ್ತು ಸಾಲು ಹಿಂದೆ ಜಯಘೋಷ ಮಾಡುತ್ತಿರುವವನಿಗೆ ಕೇಳಿಸದು. ಹಿಂದಿರುವವನು ಕೆಟ್ಟವನಲ್ಲ, ಅವನಿಗೆ ಗೊತ್ತಿಲ್ಲ. ಆದುದರಿಂದ ನಾಲ್ಕು ಕಡೆಯಿಂದಲೂ ಮೈ ತಾಗತೊಡಗಿದೊಡನೆ, ಇನ್ನೂ ಕೈ ಆಡಿಸಲು ಸ್ಥಳವಿರುವಾಗಲೇ, ಹೊರಕ್ಕೆ ಬರಬೇಕು. ಬರಲಾಗದಿದ್ದರೆ ಎರಡು ಮುಂಗೈಗಳನ್ನೂ ಎದೆಯ ಮುಂದೆ ಅಡ್ಡವಾಗಿ ಹಿಡಿದು ಉಸಿರಿಗೆ ಜಾಗ ಉಳಿಸಿಕೊಳ್ಳಬೇಕು. ಅಲೆ ಬಂದಾಗ ಎದುರು ತಳ್ಳದೆ, ಅದು ತಗ್ಗಿದಾಗ ಓರೆಯಾಗಿ ಅಂಚಿನ ಕಡೆಗೆ ಸರಿಯಬೇಕು. ಕೆಳಗೆ ಬಿದ್ದ ಚಪ್ಪಲಿ, ಮೊಬೈಲುಗಳಿಗಾಗಿ ಬಾಗಲೇಬಾರದು.

ಬೆಂಗಳೂರು ದೂರವಿದೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿಯೂ ಅಂತಿಮ ಪಂದ್ಯದ ದಿನ ದೊಡ್ಡ ಪರದೆ ಕಟ್ಟುವ ಉತ್ಸಾಹಿಗಳಿದ್ದಾರೆ. ಕಟ್ಟಲಿ, ಮನೆಯಲ್ಲಿ ಒಬ್ಬನೇ ಕುಳಿತು ಅಳುವುದಕ್ಕಿಂತ ಐದು ಸಾವಿರ ಜನರ ನಡುವೆ ಅಳುವುದು ಮೇಲು. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರು ಅಗಲದ ಬಾಗಿಲಿನಿಂದ ನಿಮಿಷಕ್ಕೆ ಸುಮಾರು ೮೦ ಜನ ಸುರಕ್ಷಿತವಾಗಿ ಹೊರಹೋಗಬಲ್ಲರು. ಮೈದಾನಕ್ಕೆ ಮೂರು ಮೀಟರಿನ ಒಂದೇ ಗೇಟಿದ್ದರೆ ಐದು ಸಾವಿರ ಜನ ಖಾಲಿಯಾಗಲು ಇಪ್ಪತ್ತೊಂದು ನಿಮಿಷ ಬೇಕು. ಅಷ್ಟೇ ಅಗಲದ ಎರಡನೆಯ ಗೇಟನ್ನೂ ತೆರೆದರೆ ಹತ್ತೂವರೆ. ಎರಡನೆಯ ಗೇಟಿನ ಕೀಲಿಕೈ ಯಾರ ಬಳಿ ಇದೆಯೆಂಬುದನ್ನು ಮಾತ್ರ ಮೊದಲ ಚೆಂಡು ಬೀಳುವುದಕ್ಕೆ ಮುಂಚೆಯೇ ವಿಚಾರಿಸಿ ಇಟ್ಟುಕೊಳ್ಳಬೇಕು.